ಮಾನಿಟರ್ ಸ್ಪೀಕರ್ ಕೊಳ್ಳುವ ಮುಂಚೆ ಹಿಂದಿನ ಪ್ಲೇಟ್ ನೋಡಿ: 5 ಇಂಚಿನ ನಾಲ್ಕು ಜೋಡಿಗಳು, ಜೊತೆಗೆ ಹಳೆ ಮಾಲಿನ ಮಾತು

ಪಾರಿಜಾತದ ಪದವಿರಲಿ, ಭಜನೆಯಿರಲಿ, ಟ್ರ್ಯಾಕ್ಟರಿನಲ್ಲಿ ಹಾಕುವ ಜಾನಪದ ಹಾಡಿರಲಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಈಗ ರೆಕಾರ್ಡಿಂಗ್ ಆಗುವುದು ಹತ್ತು ಬೈ ಹನ್ನೆರಡರ ಕೋಣೆಗಳಲ್ಲಿ. ಒಂದು ಕಂಪ್ಯೂಟರ್, ಒಂದು ಆಡಿಯೋ ಇಂಟರ್‌ಫೇಸ್, ಎರಡು ಪವರ್ಡ್ ಮಾನಿಟರ್, ಅಂದರೆ ಒಳಗೇ ಆಂಪ್ಲಿಫೈಯರ್ ಇರುವ ಸ್ಟುಡಿಯೋ ಸ್ಪೀಕರ್. ಕೊಳ್ಳುವವರು ಮುಂದಿನ ಕೋನ್ ನೋಡುತ್ತಾರೆ, ಕಂಪನಿಯ ಹೆಸರು ನೋಡುತ್ತಾರೆ. ಕೆಡುವುದು ಮಾತ್ರ ಹಿಂದಿನ ಪ್ಲೇಟು. ರಬ್ಬರ್ ಅಂಚಿನ ವೂಫರ್ (ಬೇಸ್ ಸದ್ದಿನ ದೊಡ್ಡ ಕೋನ್) ಸರಿಯಾಗಿ ಬಳಸಿದರೆ ಇಪ್ಪತ್ತು ವರ್ಷ ದುಡಿಯುತ್ತದೆ. ಅದನ್ನು ಓಡಿಸುವ ಆಂಪ್ಲಿಫೈಯರ್ ಮತ್ತು ಪವರ್ ಸಪ್ಲೈ ಅಷ್ಟು ದಿನ ತಡೆಯುತ್ತದೆಯೇ ಎಂಬುದು ಶಾಖ, ವೋಲ್ಟೇಜ್ ಮತ್ತು ಒಳಗೆ ಹಾಕಿದ ಕೆಪಾಸಿಟರ್‌ಗಳ ಮೇಲೆ ನಿಂತಿದೆ. ಅದಕ್ಕೇ ಈ ವಿಮರ್ಶೆ ಹಿಂದಿನಿಂದ ಶುರುವಾಗುತ್ತದೆ.

ನೋಡುತ್ತಿರುವುದು ನಾಲ್ಕು: ಯಮಾಹಾ ಎಚ್‌ಎಸ್5, ಜೆಬಿಎಲ್ 305ಪಿ ಮಾರ್ಕ್ 2, ಕೆಆರ್‌ಕೆ ರೋಕಿಟ್ 5 ಜಿ4, ಆಡಮ್ ಟಿ5ವಿ. ಇವುಗಳ ಜೊತೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಹತ್ತು–ಹದಿನೈದು ವರ್ಷ ಹಳೆಯ ಕ್ಲಾಸ್ ಎಬಿ (ಹಳೆ ಬಗೆಯ, ಹೆಚ್ಚು ಬಿಸಿಯಾಗುವ ಆಂಪ್) ಜೋಡಿಗಳನ್ನೂ ತೂಗಿ ನೋಡಬೇಕು. ಕೆಲವರಿಗೆ ಅವೇ ಸರಿಯಾದ ಆಯ್ಕೆ.

ಎಚ್‌ಎಸ್5 2013ರದು. ವೂಫರಿಗೆ 45 ವ್ಯಾಟ್, ಮೇಲಿನ ಸದ್ದು ಕೊಡುವ ಸಣ್ಣ ಟ್ವೀಟರಿಗೆ 25 ವ್ಯಾಟ್. ಅದರ ಹಿಂದಿನ ಮಾದರಿ ಎಚ್‌ಎಸ್50ಎಂಗೂ ಇದೇ 45 ಮತ್ತು 25. ಒಳಗೆ ಡಿಎಸ್‌ಪಿ (ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಚಿಪ್) ಇಲ್ಲ, ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರ್ ಅನಲಾಗ್. ಜೆಬಿಎಲ್ 305ಪಿ ಮಾರ್ಕ್ 2 ಬಂದಿದ್ದು 2018ರಲ್ಲಿ. ಎರಡೂ ಡ್ರೈವರ್‌ಗಳಿಗೆ (ವೂಫರ್, ಟ್ವೀಟರ್) ತಲಾ 41 ವ್ಯಾಟ್‌ನ ಕ್ಲಾಸ್ ಡಿ, ಅಂದರೆ ಸ್ವಿಚಿನಂತೆ ಆನ್-ಆಫ್ ಆಗುತ್ತಾ ಕಡಿಮೆ ಬಿಸಿಯಾಗುವ ಆಂಪ್. 2013ರ ಎಲ್‌ಎಸ್‌ಆರ್305ರಲ್ಲೂ ಅಷ್ಟೇ ಇತ್ತು. ರೋಕಿಟ್ 5 ಜಿ4ರಲ್ಲಿ ಒಟ್ಟು 55 ವ್ಯಾಟ್ ಕ್ಲಾಸ್ ಡಿ, ಹಿಂದೆ ಸಣ್ಣ ಪರದೆ, ಡಿಎಸ್‌ಪಿ ಈಕ್ವಲೈಜರ್. ಇದರ ಐದನೇ ಪೀಳಿಗೆಯೂ ಈಗ ಬಂದಿದೆ. ಆಡಮ್ ಟಿ5ವಿಯಲ್ಲಿ ವೂಫರಿಗೆ 50, ಟ್ವೀಟರಿಗೆ 20, ಎರಡೂ ಕ್ಲಾಸ್ ಡಿ.

"ಹಳೆ ಡಿಸೈನ್" ಎಂದು ಎಚ್‌ಎಸ್5ನ್ನು ತಳ್ಳಿಹಾಕುವವರು ಎರಡು ಬೇರೆ ಮಾತುಗಳನ್ನು ಕಲಸುತ್ತಿದ್ದಾರೆ. ಡಿಸೈನ್ ಹಳೆಯದಾಗುವುದು ಒಂದು, ಡಬ್ಬಿಯೊಳಗಿನ ಭಾಗ ಹಳೆಯದಾಗುವುದು ಇನ್ನೊಂದು. 2013ರ ನಕ್ಷೆಯ ಮೇಲೆ ಕಳೆದ ವರ್ಷ ತಯಾರಾದ ಸ್ಪೀಕರಿನಲ್ಲಿ ಕೆಪಾಸಿಟರ್‌ಗಳು ಹೊಸವೇ. ಹೊಸ ನಕ್ಷೆಯದ್ದಾದರೂ ಆರು ವರ್ಷ ಪತ್ರಾಸಿನ (ತಗಡಿನ) ಮಾಡಿನ ಕೆಳಗೆ ಬೆಂದ ಸ್ಪೀಕರಿಗೆ ಮುಪ್ಪು ಬಂದಿರುತ್ತದೆ. ದೊಡ್ಡ ಕಂಪನಿಗಳು ಎಬಿಯಿಂದ ಡಿಗೆ ಹೋಗಿರುವುದು ನಿಜ. ನ್ಯೂಮನ್‌ನ ಕೆಎಚ್120 ಮೊದಲು 50 ಮತ್ತು 50 ವ್ಯಾಟ್‌ನ ಎಬಿ ಆಗಿತ್ತು, 2023ರ ಎರಡನೇ ಆವೃತ್ತಿ 145 ಮತ್ತು 100 ವ್ಯಾಟ್‌ನ ಡಿ. ಜೆನೆಲೆಕ್ 8030 ಕೂಡ ಎ ಆವೃತ್ತಿಯಲ್ಲಿ ಎಬಿ, ಸಿ ಆವೃತ್ತಿಯಲ್ಲಿ ಡಿ. ಕ್ಲಾಸ್ ಡಿ ಎಂದರೆ ಒರಟು ಸದ್ದು ಎಂಬ ಹಳೆಯ ಮಾತು ಇವುಗಳಿಗೆ ಅನ್ವಯಿಸುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ಮತ್ತು ನಮ್ಮ ರಿಪೇರಿ ಅಂಗಡಿಗೆ ಯಾವುದು ಒಗ್ಗುತ್ತದೆ ಎಂಬುದು ಬೇರೆಯದೇ ಲೆಕ್ಕ.

ಶಾಖದ ಲೆಕ್ಕ

ಕ್ಲಾಸ್ ಎಬಿ ಆಂಪ್ ಹಾಡಿಲ್ಲದಿದ್ದರೂ ಬಿಸಿಯಾಗುತ್ತದೆ. ಹಳೆಯ ಅನೇಕ ಮಾನಿಟರ್‌ಗಳಲ್ಲಿ ಸಿಗುವ ಎಲ್‌ಎಂ3886 ಚಿಪ್ಪನ್ನೇ ತೆಗೆದುಕೊಳ್ಳಿ. ಸುಮ್ಮನಿರುವಾಗ ಸುಮಾರು 50 ಮಿಲಿಆಂಪ್ ಎಳೆಯುತ್ತದೆ. ಪ್ಲಸ್ 28, ಮೈನಸ್ 28 ವೋಲ್ಟ್ ಕೊಟ್ಟರೆ ಅದರ ಮೇಲೆ 56 ವೋಲ್ಟ್. ಅಂದರೆ ಒಂದು ಚಿಪ್ಪಿಗೆ 2.8 ವ್ಯಾಟ್ ಬರೀ ಶಾಖ. ಎರಡು ಚಿಪ್ಪು, ಜೊತೆಗೆ ಟ್ರಾನ್ಸ್‌ಫಾರ್ಮರಿನದು. ಪೆಟ್ಟಿಗೆ ಮುಚ್ಚಿದೆ, ಗಾಳಿಯಾಡುವುದಿಲ್ಲ. ಹೊರಗೆ ಚಳಿಗಾಲದ 22 ಡಿಗ್ರಿ ಇದ್ದಾಗ ಒಳಗೆ 45 ಇರುವ ಡಬ್ಬಿ, ಮೇ ತಿಂಗಳ ವಿಜಯಪುರದಲ್ಲಿ ಹೊರಗೆ 41 ಆದರೆ ಒಳಗೆ 64ರ ಆಸುಪಾಸು ಮುಟ್ಟುತ್ತದೆ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಶಾಖ 10 ಡಿಗ್ರಿ ಇಳಿದಂತೆಲ್ಲ ಎರಡರಷ್ಟಾಗುತ್ತದೆ ಎಂಬುದು ಈ ಕಸುಬಿನವರೆಲ್ಲ ಹಿಡಿಯುವ ಲೆಕ್ಕ. ಮೈಮೇಲೆ 105 ಡಿಗ್ರಿ ಎಂದು ಬರೆದ, 2000 ಗಂಟೆ ಬಾಳಿಕೆಯ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬರುತ್ತದೆ. ದಿನಕ್ಕೆ 8 ಗಂಟೆ ಬಳಸಿದರೆ ಹತ್ತಿರ ಹತ್ತಿರ 11 ವರ್ಷ. ಅದೇ 2000 ಗಂಟೆಯ, 85 ಡಿಗ್ರಿಯ ಕೆಪಾಸಿಟರ್ ಅದೇ ಶಾಖದಲ್ಲಿ 8,000 ಗಂಟೆ, ಮೂರು ವರ್ಷಕ್ಕೂ ಕಡಿಮೆ. ನೋಡಲಿಕ್ಕೆ ಎರಡೂ ಒಂದೇ ತರಹದ ಕಪ್ಪು ಡಬ್ಬಿಗಳು, ಬೆಲೆಯ ಅಂತರ ಕೆಲವೇ ರೂಪಾಯಿ. ಸ್ಟುಡಿಯೋ ಮುಚ್ಚುವಾಗ ಮಾನಿಟರಿನ ಸ್ವಿಚ್ ಆರಿಸದೆ ಬಿಟ್ಟರೆ ದಿನದ 8 ಗಂಟೆ 24 ಆಗುತ್ತದೆ, ಹನ್ನೊಂದು ವರ್ಷ ಮೂರೂವರೆಗೆ ಇಳಿಯುತ್ತದೆ.

ಕ್ಲಾಸ್ ಡಿ ಇಲ್ಲಿ ಗೆಲ್ಲುತ್ತದೆ. ಸುಮ್ಮನಿದ್ದಾಗ ಹೆಚ್ಚು ಕಾಯುವುದಿಲ್ಲ, ಹಾಡುವಾಗಲೂ ತೆಗೆದುಕೊಂಡ ಕರೆಂಟಿನ ಬಹುಪಾಲನ್ನು ಸ್ಪೀಕರಿಗೇ ಕೊಡುತ್ತದೆ. ಜೆಬಿಎಲ್, ಆಡಮ್, ರೋಕಿಟ್ ಮೂರಕ್ಕೂ ಈ ಲಾಭವಿದೆ. ತಗಡಿನ ಮಾಡಿನ ಕೋಣೆ, ಎಸಿ ಇಲ್ಲ ಎಂದರೆ ಹೊಸದು ಕೊಳ್ಳುವವರು ಈ ಮೂರರಲ್ಲಿ ಒಂದನ್ನು ನೋಡುವುದೇ ಒಳ್ಳೆಯದು.

ಯಾವ ಮಾದರಿಯಾದರೂ ಗೋಡೆಯ ಗೂಡಿನೊಳಗೆ ಇಡಬೇಡಿ. ಬಾಗಲಕೋಟೆ ಕಡೆಯ ಹಳೆ ಮಾಳಿಗೆ ಮನೆಗಳ ದಪ್ಪ ಗೋಡೆಯ ಗೂಡು ಸ್ಪೀಕರಿಗೆ ಅಳತೆ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ಹಿಂದಿನ ಪ್ಲೇಟಿನ ಬಿಸಿಗಾಳಿ ಅಲ್ಲೇ ನಿಲ್ಲುತ್ತದೆ. ಹಿಂಬದಿ ಪೋರ್ಟ್ ಇರುವ ಎಚ್‌ಎಸ್5, 305ಪಿ, ಟಿ5ವಿಯಂಥವುಗಳ ಬೇಸ್ ಗುಂಯ್‌ಗುಡುತ್ತದೆ. ಗೋಡೆಯಿಂದ ಕನಿಷ್ಠ ಒಂದು ಗೇಣು ಬಿಡಿ, ಎರಡು ಗೇಣಾದರೆ ಇನ್ನೂ ಚೆನ್ನ. ಬಿಡಲಾಗದಷ್ಟು ಸಣ್ಣ ಕೋಣೆಯಾದರೆ ಮುಂಬದಿಯಲ್ಲಿ ಪೋರ್ಟ್ ಇರುವ ರೋಕಿಟ್ ಅನುಕೂಲ. ಫರಸಿ ಕಲ್ಲಿನ ಮೇಜಿನ ಮೇಲೆ ನೇರವಾಗಿ ಇಡದೆ ಕೆಳಗೆ ದಪ್ಪ ಫೋಮ್ ಹಾಕಿ. ಇಳಕಲ್, ರಬಕವಿ-ಬನಹಟ್ಟಿಯಂಥ ಮಗ್ಗದ ಊರುಗಳಲ್ಲಿ ನೂಲಿನ ಧೂಳು ಹೀಟ್‌ಸಿಂಕಿನ ಸಂದುಗಳಲ್ಲಿ ಹತ್ತಿಯ ಪದರದಂತೆ ಕೂರುತ್ತದೆ. ತಿಂಗಳಿಗೊಮ್ಮೆ ಒಣ ಬಣ್ಣದ ಬ್ರಷ್‌ನಿಂದ ತೆಗೆದರೆ ಸಾಕು.

ಕರೆಂಟಿನ ಲೆಕ್ಕ

ಹಿಂದಿನ ಪ್ಲೇಟಿನಲ್ಲಿ ವೋಲ್ಟೇಜ್ ಬರೆದ ಜಾಗ ನೋಡಿ. 100–240 ಎಂದಿದ್ದರೆ ಒಳಗಿರುವುದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನಲ್ಲಿರುವಂಥ ಸ್ವಿಚಿಂಗ್ ಪವರ್ ಸಪ್ಲೈ. ಒಂದೇ ಸಂಖ್ಯೆ, ಅಥವಾ 220–240 ಎಂದಷ್ಟೇ ಇದ್ದರೆ ಬಹುತೇಕ ಟ್ರಾನ್ಸ್‌ಫಾರ್ಮರ್. ವಿದೇಶದಿಂದ ಯಾರೋ ತಂದ ಹಳೆ ಜೋಡಿಯಲ್ಲಿ 120 ಎಂದಿದ್ದರೆ ನಮ್ಮ 230ಕ್ಕೆ ಸಿಕ್ಕಿಸಿದ ಕೂಡಲೇ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಅದರ ಜೊತೆ ಉಳಿದದ್ದೂ.

ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿಯಲ್ಲಿ ಆಂಪಿಗೆ ಹೋಗುವ ವೋಲ್ಟೇಜನ್ನು ಸಾಮಾನ್ಯವಾಗಿ ಯಾರೂ ಹಿಡಿದಿಟ್ಟಿರುವುದಿಲ್ಲ. ಲೈನಿನಲ್ಲಿ ಏನು ಬರುತ್ತದೋ ಅದರ ಜೊತೆ ಏರುತ್ತದೆ, ಇಳಿಯುತ್ತದೆ. ಹೆಸ್ಕಾಂ ಲೈನು ಸಂಜೆ 190ಕ್ಕೆ ಬಿದ್ದರೆ 45 ವ್ಯಾಟಿನ ಆಂಪ್ ಸುಮಾರು 31 ವ್ಯಾಟಿನದಾಗುತ್ತದೆ. ಕಿವಿಗೆ ಅದು 1.7 ಡೆಸಿಬಲ್ ಅಷ್ಟೇ, ಆದರೆ ಡೊಳ್ಳಿನ ಪೆಟ್ಟು ಮೊದಲಿಗಿಂತ ಬೇಗ ಒಡೆಯುತ್ತದೆ. ರಾತ್ರಿ ಪಂಪ್‌ಸೆಟ್‌ಗಳು ನಿಂತು ಲೈನು 250ಕ್ಕೆ ಏರಿದಾಗ ಆಗುವುದು ಇದಕ್ಕಿಂತ ಕೆಟ್ಟದ್ದು. 230ಕ್ಕೆ 32 ವೋಲ್ಟ್ ಇದ್ದ ಕಡೆ ಈಗ 34.8. ತಯಾರಕರು ಅಲ್ಲಿ 35 ವೋಲ್ಟಿನ ಕೆಪಾಸಿಟರ್ ಹಾಕಿ ಉಳಿತಾಯ ಮಾಡಿದ್ದರೆ ಅದು ಅಂಚಿನ ಮೇಲೆ ನಿಂತಿದೆ. ರಿಪೇರಿಗೆ ಬಂದಾಗ ಅಲ್ಲಿ 50 ವೋಲ್ಟಿನದನ್ನೇ ಹಾಕಿಸಿ.

ಎಸ್‌ಎಂಪಿಎಸ್ ಇರುವ ಜೆಬಿಎಲ್, ಆಡಮ್‌ಗಳಿಗೆ 190 ಆದರೂ ಅಷ್ಟೇ, 230 ಆದರೂ ಅಷ್ಟೇ. ಅವುಗಳ ಶತ್ರು ನ್ಯೂಟ್ರಲ್ ಕಟ್ ಆಗುವುದು. ಆಗ ಸಿಂಗಲ್ ಫೇಸ್ ಮನೆಗೂ 400ರ ಹತ್ತಿರ ನುಗ್ಗಬಹುದು. ಒಳಗಿನ ದೊಡ್ಡ ಕೆಪಾಸಿಟರ್ ಮತ್ತು ಸ್ವಿಚಿಂಗ್ ಚಿಪ್ ಒಟ್ಟಿಗೆ ಹೋಗುತ್ತವೆ. ಹೈ-ಕಟ್ ಇರುವ (ವೋಲ್ಟೇಜ್ ಮಿತಿ ಮೀರಿದರೆ ಕರೆಂಟ್ ಕಡಿಯುವ) ಸ್ಟೆಬಿಲೈಜರ್ ಎರಡೂ ಬಗೆಗೆ ಬೇಕು. ಇನ್ವರ್ಟರ್ ವಿಷಯದಲ್ಲಿ ಒಂದು ಎಚ್ಚರ: ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಟ್ರಾನ್ಸ್‌ಫಾರ್ಮರ್ ಮಾನಿಟರ್ ಓಡಿಸಿದರೆ ಅದು ಗುರ್ ಎನ್ನುತ್ತದೆ, ಬಲವೂ ಕುಗ್ಗುತ್ತದೆ. ಸಪ್ಲೈ ತುಂಬಿಕೊಳ್ಳುವುದು ಅಲೆಯ ತುದಿಯಿಂದ. ಸೈನ್ ಅಲೆಯ ತುದಿ 325 ವೋಲ್ಟ್, ಸ್ಕ್ವೇರಿನದು 230. ಶಕ್ತಿ ಅರ್ಧಕ್ಕಿಳಿಯುತ್ತದೆ. ಪವರ್ ಕಟ್ ಇರುವಾಗ ಮಿಕ್ಸ್ ಮಾಡಿ, ಕರೆಂಟ್ ಬಂದ ಮೇಲೆ ಬೇಸ್ ಬೇರೆಯಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಪ್ಯೂರ್ ಸೈನ್ ಇನ್ವರ್ಟರ್ ಇದ್ದರೆ ಈ ತೊಂದರೆಯಿಲ್ಲ.

ಕಿವಿಗೆ ಹೇಗಿವೆ

ತಂಬೂರಿ ಮತ್ತು ಒಂಟಿ ದನಿಯ ರೆಕಾರ್ಡಿಂಗ್ ಮಾಡುವವರು ಮೊದಲು ನೋಡಬೇಕಾದ್ದು ಹಿಸ್. ಜೆಬಿಎಲ್ 305ಪಿಯಲ್ಲಿ ಹತ್ತಿರ ಕುಳಿತರೆ, ಕೋಣೆ ಶಾಂತವಾಗಿದ್ದರೆ, ಟ್ವೀಟರಿನಿಂದ ಸಣ್ಣ "ಸ್" ಕೇಳಿಸುತ್ತದೆ. ಒಂದು ಮೀಟರ್ ದೂರ ಹೋದರೆ, ಫ್ಯಾನ್ ತಿರುಗುತ್ತಿದ್ದರೆ ಮರೆಯಾಗುತ್ತದೆ. ಹಿಸ್ ಎಲ್ಲಿಂದ ಎಂದು ತಿಳಿಯಲು ಕೇಬಲ್ ತೆಗೆದು, ನಾಬ್ ಪೂರ್ತಿ ಇಳಿಸಿ, ಪೂರ್ತಿ ಏರಿಸಿ. ಸದ್ದು ಬದಲಾಗದಿದ್ದರೆ ಅದು ನಾಬ್‌ನ ನಂತರದ ಆಂಪಿನದು, ಅದರ ಜೊತೆ ಬಾಳಬೇಕು. ನಾಬ್ ಜೊತೆ ಏರಿಳಿದರೆ ನಾಬ್‌ಗಿಂತ ಮೊದಲಿನ ಹಂತದ್ದು. ಕೇಬಲ್ ಹಾಕಿದಾಗ ಮಾತ್ರ ಬಂದರೆ ಇಂಟರ್‌ಫೇಸಿನದು ಅಥವಾ ಅರ್ಥಿಂಗ್‌ನದು. ಟಿಆರ್‌ಎಸ್ ಇಲ್ಲವೇ ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಕೇಬಲ್ ಹಾಕಿ ನೋಡಿ. ಅರ್ಥ್ ಪಿನ್ ಕಿತ್ತು ಹಮ್ ನಿಲ್ಲಿಸುವ ಅಭ್ಯಾಸ ಪ್ರಾಣಕ್ಕೆ ಅಪಾಯ, ಅದನ್ನು ಯಾರು ಹೇಳಿದರೂ ಮಾಡಬೇಡಿ.

ದನಿಯ ಮಟ್ಟಿಗೆ ಎಚ್‌ಎಸ್5 ಈ ನಾಲ್ಕರಲ್ಲಿ ಕಟ್ಟುನಿಟ್ಟು. ಹಾರ್ಮೋನಿಯಂ ಮತ್ತು ಕಂಠ ಒಂದರ ಮೇಲೊಂದು ಬಿದ್ದ ಕಡೆ ಮುಚ್ಚಿಡುವುದಿಲ್ಲ, "ಸ" ಅಕ್ಷರ ಚುಚ್ಚಿದರೆ ಚುಚ್ಚಿದಂತೆಯೇ ತೋರಿಸುತ್ತದೆ. ಕೆಳಗಡೆ ಮಾತ್ರ ಬಡವ: ಮೈನಸ್ 3 ಡೆಸಿಬಲ್ ಲೆಕ್ಕದಲ್ಲಿ 74 ಹರ್ಟ್ಜ್‌ಗೆ ನಿಲ್ಲುತ್ತದೆ. ಜೆಬಿಎಲ್ 49ರವರೆಗೆ ಇಳಿಯುತ್ತದೆ. ಟ್ರ್ಯಾಕ್ಟರ್ ಹಾಡಿಗೆ ಡೊಳ್ಳು, ಹಲಗೆ, ಕೀಬೋರ್ಡ್ ಬೇಸ್ ಕೂಡಿಸುವವರು ಎಚ್‌ಎಸ್5ರ ಮೇಲೆ ಕೇಳಿಸುತ್ತಿಲ್ಲವೆಂದು ಬೇಸ್ ಏರಿಸುತ್ತಾರೆ. ಆ ಹಾಡು 15 ಇಂಚಿನ ಬಾಕ್ಸ್‌ಗೆ ಹೋದಾಗ ಪದದ ಮಾತೇ ತಿಳಿಯುವುದಿಲ್ಲ. ಅಂಥ ಕೆಲಸಕ್ಕೆ ಎಚ್‌ಎಸ್8 ನೋಡಿ (75 ಮತ್ತು 45 ವ್ಯಾಟ್, 47 ಹರ್ಟ್ಜ್), ಇಲ್ಲವೇ ಜೆಬಿಎಲ್ ತೆಗೆದುಕೊಳ್ಳಿ. ಆಡಮ್‌ನ ಮಡಿಕೆ ಪೊರೆಯ ಟ್ವೀಟರ್ ತಾಳ, ಗೆಜ್ಜೆಗಳನ್ನು ಬಿಡಿಬಿಡಿಯಾಗಿ ಕೇಳಿಸುತ್ತದೆ. ಅದಕ್ಕೆ ಬೆರಳಾಗಲಿ ವ್ಯಾಕ್ಯೂಮ್ ಕ್ಲೀನರಾಗಲಿ ತಾಗಬಾರದು. ರೋಕಿಟ್ ಕೇಳಲು ಹಿತ, ತೀರ್ಪಿಗೆ ಸ್ವಲ್ಪ ಮೆದು. ಪರದೆಯಲ್ಲಿ ಬೇಸ್ ಇಳಿಸಿಟ್ಟುಕೊಂಡೇ ಕೆಲಸ ಶುರು ಮಾಡಬೇಕು.

ಹಳೆಯ ಜೋಡಿ: ಏನು ಕೆಡುತ್ತದೆ, ಏಕೆ

ಟ್ರಾನ್ಸ್‌ಫಾರ್ಮರ್, ಎಬಿ ಚಿಪ್, ಕಾಲುಗಳನ್ನು ತೂತಿನಲ್ಲಿ ತೂರಿಸಿ ಬೆಸೆದ ಭಾಗಗಳು. ಇವಿಷ್ಟಿದ್ದರೆ ಟಿವಿ, ಆಂಪ್ಲಿಫೈಯರ್ ರಿಪೇರಿ ಬಲ್ಲ ಯಾವ ಅಂಗಡಿಯಲ್ಲೂ ಕೆಲಸ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಎಬಿ ಜೋಡಿಯ ನಿಜವಾದ ಬೆಲೆ ಇದೇ. ಕ್ಲಾಸ್ ಡಿ ಬೋರ್ಡಿನ ಚಿಪ್ ಸಾಸಿವೆಯಷ್ಟು ಸಣ್ಣ ಭಾಗಗಳ ನಡುವೆ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಎಸ್‌ಪಿಯ ಪ್ರೋಗ್ರಾಂ ಕಂಪನಿಯ ಹತ್ತಿರ ಮಾತ್ರ ಇರುತ್ತದೆ. ಹೋದರೆ ಇಡೀ ಪ್ಲೇಟ್ ಬದಲಿಸಬೇಕು, ಅದು ಸಿಗುವ ತನಕ ಕಾಯಬೇಕು. ವಾರಂಟಿ ಮುಗಿದ ಮೇಲೆ ಪ್ಲೇಟಿನ ಬೆಲೆ ಕೇಳಿದವರು ಹೊಸ ಜೋಡಿಯನ್ನೇ ತರುವುದು ಹೆಚ್ಚು.

ಹಮ್ಮಿನ ಎತ್ತರ ಕೇಳಿ ರೋಗ ಹೇಳಬಹುದು. 50 ಹರ್ಟ್ಜ್‌ನ ಮೆತ್ತಗಿನ ಗುಂ ಎಂದರೆ ಅರ್ಥಿಂಗ್ ಅಥವಾ ಕೇಬಲ್. ಅದರ ಮೇಲಿನ ಸ್ಥಾಯಿಯಲ್ಲಿ, 100 ಹರ್ಟ್ಜ್‌ನಲ್ಲಿ, ಸ್ವಲ್ಪ ಗರಗಸದಂತೆ ಬಂದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಮೊಬೈಲಿನ ಟ್ಯೂನರ್ ಆ್ಯಪ್ ಹಿಡಿದರೂ ಸಾಕು: ಜಿ ಸ್ವರದ ಸುತ್ತ ತೋರಿಸುತ್ತದೆ, ಯಾವ ಸ್ಥಾಯಿಯದೆಂದು ನೋಡಿಕೊಳ್ಳಿ.

ಮೊದಲು ಸಾಯುವುದು ಎಷ್ಟೋ ಸಲ ದೊಡ್ಡ ಕೆಪಾಸಿಟರ್ ಅಲ್ಲ. ಆಪ್‌ಆಂಪ್ ಎಂಬ ಸಣ್ಣ ಸಿಗ್ನಲ್ ಚಿಪ್ಪುಗಳಿಗೆ ಪ್ಲಸ್ ಮೈನಸ್ 15 ವೋಲ್ಟ್ ಮಾಡಿಕೊಡುವ ಮೂಲೆ ನೋಡಿ. 30 ವೋಲ್ಟನ್ನು 15ಕ್ಕೆ ಇಳಿಸಲು ಅಲ್ಲಿ ರೆಸಿಸ್ಟರ್ ಮತ್ತು ಝೀನರ್ (ವೋಲ್ಟೇಜ್ ಹಿಡಿದಿಡುವ ಡಯೋಡ್) ಹಾಕಿರುತ್ತಾರೆ. 50 ಮಿಲಿಆಂಪ್ ಹರಿದರೆ ರೆಸಿಸ್ಟರಿನ ಮೇಲೆ 0.75 ವ್ಯಾಟ್, ಹಾಕಿರುವುದು 1 ವ್ಯಾಟಿನದು. ಸದಾ ಸುಡುತ್ತದೆ, ಕೆಳಗಿನ ಬೋರ್ಡ್ ಕಂದಾಗುತ್ತದೆ, ಪಕ್ಕದ 47 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಬೆಂದು ಹೋಗುತ್ತದೆ. ಲಕ್ಷಣ: ಒಂದು ಕಡೆ ಸದ್ದು ತೆಳ್ಳಗಾಗುವುದು, ಚರಚರ, ಬಿಸಿಯಾದ ಮೇಲೆ ಮಾಯವಾಗುವುದು. ರೆಸಿಸ್ಟರನ್ನು ಅದೇ ಓಮ್‌ನ 3 ವ್ಯಾಟಿನದಕ್ಕೆ ಬದಲಿಸಿ, ಬೋರ್ಡಿನಿಂದ 5 ಮಿಲಿಮೀಟರ್ ಎತ್ತಿ ಬೆಸೆಯಬೇಕು.

ಇನ್ನೊಂದು ಗೋಂದು. ದೊಡ್ಡ ಭಾಗಗಳು ಅದುರದಿರಲೆಂದು ಕಾರ್ಖಾನೆಯಲ್ಲಿ ಹಾಕುವ ಒಂದು ಬಗೆಯ ಕೆನೆ ಬಣ್ಣದ ಗೋಂದು ವರ್ಷಗಟ್ಟಲೆ ಕಾಯ್ದು ಬೆಲ್ಲದ ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗುತ್ತದೆ. ಆಗ ಅದರೊಳಗೆ ಕರೆಂಟ್ ಹರಿಯತೊಡಗುತ್ತದೆ, ರೆಸಿಸ್ಟರಿನ ಕಾಲುಗಳನ್ನು ತಿನ್ನುತ್ತದೆ. ಬೆಳಗಾವಿಯ ಮಳೆಗಾಲದ ತೇವ ಸೇರಿದರೆ ಇನ್ನೂ ಬೇಗ. ಜುಲೈನಲ್ಲಿ ಪಟಪಟ ಎಂದು, ಮಾರ್ಚಿನಲ್ಲಿ ಸುಮ್ಮನಾಗುವ ಸ್ಪೀಕರ್ ಇದ್ದರೆ ಮೊದಲು ಗೋಂದು ನೋಡಿ. ಬಿದಿರಿನ ಕಡ್ಡಿಯಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹಸಿರುಗಟ್ಟಿದ ಕಾಲಿರುವ ಭಾಗಗಳನ್ನು ಬದಲಿಸಬೇಕು.

ಎಸ್‌ಎಂಪಿಎಸ್ ಇರುವ ಹಳೆಯದರಲ್ಲಿ ಕಾಡುವುದು ಕಂಟ್ರೋಲ್ ಚಿಪ್ಪಿನ ಪಕ್ಕದ 22 ಅಥವಾ 47 ಮೈಕ್ರೋಫ್ಯಾರಡ್, 50 ವೋಲ್ಟಿನ ಕೆಪಾಸಿಟರ್. ಡಿಸೆಂಬರಿನ ಬೆಳಗಾವಿಯ ಬೆಳಿಗ್ಗೆ ದೀಪ ಮಿಣುಕುತ್ತದೆ, ಟಿಕ್ ಟಿಕ್ ಎನ್ನುತ್ತದೆ, ಮಧ್ಯಾಹ್ನ ತಾನಾಗಿ ಏಳುತ್ತದೆ. ಒಣಗಿದ ಕೆಪಾಸಿಟರ್ ಚಳಿಯಲ್ಲಿ ಇನ್ನಷ್ಟು ಬಿಗಿಯುವುದರಿಂದ ಹೀಗೆ. ಇಲ್ಲಿ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ) ಬಗೆಯದೇ ಬೇಕು.

ಕೊಳ್ಳುವಾಗ ಪರೀಕ್ಷೆ ಒಂದು ಗಂಟೆಯ ಕೆಲಸ. ಕೇಬಲ್ ಇಲ್ಲದೆ ಆನ್ ಮಾಡಿ ಎರಡರ ಹಮ್ ಹೋಲಿಸಿ. ಒಂದೇ ಹಾಡನ್ನು ಮೋನೋದಲ್ಲಿ ಹಾಕಿ ಎಡ, ಬಲ ಬದಲಿಸಿ ಕೇಳಿ. 40ರಿಂದ 200 ಹರ್ಟ್ಜ್‌ವರೆಗಿನ ಸ್ವೀಪ್ (ಕೆಳಗಿನಿಂದ ಮೇಲೇರುವ ಸ್ವರ) ಸಣ್ಣ ಸದ್ದಿನಲ್ಲಿ ಹಾಕಿದರೆ ಕೋನ್ ಉಜ್ಜುವುದು, ಸ್ಕ್ರೂ ಸಡಿಲವಿರುವುದು ತಿಳಿಯುತ್ತದೆ. ಗಂಟೆಯ ನಂತರ ಹಿಂದಿನ ಪ್ಲೇಟಿಗೆ ಅಂಗೈ ಇಡಿ. ಐದು ಸೆಕೆಂಡ್ ಇಡಲಾಗದಿದ್ದರೆ ಕೈಬಿಡಿ. ಕೊನೆಗೆ ಹಾಡು ನಡೆಯುತ್ತಿರುವಾಗಲೇ ಎರಡನ್ನೂ ಒಂದೇ ಸ್ವಿಚ್ ಬೋರ್ಡಿನಿಂದ ಒಟ್ಟಿಗೆ ಆರಿಸಿ. ಆರಿಸಿದ ಕೂಡಲೇ ಸದ್ದು ಕಡಿಯುವ ಮ್ಯೂಟ್ ರಿಲೇ ಇಲ್ಲದ ಟ್ರಾನ್ಸ್‌ಫಾರ್ಮರ್ ಮಾದರಿಯಾದರೆ ಸದ್ದು ಒಂದೆರಡು ಸೆಕೆಂಡ್ ಉಳಿದು ಕರಗುತ್ತದೆ. ಯಾವ ಕಡೆ ಮೊದಲು ಸತ್ತಿತೋ ಆ ಕಡೆಯ ಕೆಪಾಸಿಟರ್‌ಗಳು ಸೋತಿವೆ.

ಕೆಪಾಸಿಟರ್ ಬದಲಿಸುವ ಕೆಲಸ

ಇದನ್ನು ಬೆಸುಗೆ ಬಲ್ಲವರು ಮಾಡಬೇಕು. ಎಸ್‌ಎಂಪಿಎಸ್ ಆದರೆ ಒಳಗೆ 325 ವೋಲ್ಟ್ ಡಿಸಿ ನಿಂತಿರುತ್ತದೆ, ಕೈ ಹಾಕುವವರು ಕಲಿತವರೇ ಆಗಿರಬೇಕು. ಟ್ರಾನ್ಸ್‌ಫಾರ್ಮರ್ ಮಾದರಿಯಲ್ಲಿ ಪ್ಲಗ್ ಕಿತ್ತ ಮೇಲೆ 220 ಓಮ್, 5 ವ್ಯಾಟ್ ರೆಸಿಸ್ಟರನ್ನು ಫಿಲ್ಟರ್ ಕೆಪಾಸಿಟರಿನ ಎರಡು ಕಾಲಿಗೆ ಹತ್ತು ಸೆಕೆಂಡ್ ಹಿಡಿದು ಮೀಟರಿನಲ್ಲಿ ಸೊನ್ನೆ ನೋಡಿ. ಸ್ಕ್ರೂ ಡ್ರೈವರಿನಿಂದ ಶಾರ್ಟ್ ಮಾಡಿದರೆ ಕಾಲು, ಟ್ರ್ಯಾಕ್ ಎರಡೂ ಸುಡುತ್ತವೆ.

ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಮೈನಸ್ ಪಟ್ಟಿ ಯಾವ ಕಡೆಗಿದೆ ಎಂಬುದು ಕಾಣುವಂತೆ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿ ಕಡ್ಡಾಯ. ಸ್ನ್ಯಾಪ್-ಇನ್ ಬಗೆಯಾದರೆ ಎರಡು ಕಾಲಿನ ಅಂತರ 10 ಮಿಲಿಮೀಟರ್. 50 ವೋಲ್ಟಿನದು ಎತ್ತರ ಹೆಚ್ಚಿರುತ್ತದೆ, ಪೆಟ್ಟಿಗೆಯೊಳಗೆ ಕೂರುತ್ತದೆಯೇ ಅಳೆದು ತರಿಸಿ. ನಿಚಿಕಾನ್, ರೂಬಿಕಾನ್, ಪ್ಯಾನಾಸೋನಿಕ್ ಒಳ್ಳೆಯವು, ನಕಲಿಯೂ ಅಷ್ಟೇ ಇವೆ. ಡಬ್ಬಿ ತೀರ ಹಗುರವಾಗಿದ್ದರೆ ಒಳಗೆ ಸಣ್ಣದೊಂದನ್ನು ತುರುಕಿರಬಹುದು. ಚಿಪ್ ತೆಗೆದರೆ ಮೈಕಾ ಹಾಳೆ ಮತ್ತು ಹೀಟ್‌ಸಿಂಕ್ ಪೇಸ್ಟ್ ಹೊಸದಾಗಿ ಹಾಕಿ.

ಮೊದಲ ಸಲ ಆನ್ ಮಾಡುವಾಗ ವೂಫರ್, ಟ್ವೀಟರ್ ಎರಡನ್ನೂ ಬಿಡಿಸಿ, 60 ವ್ಯಾಟ್ ಸೀರೀಸ್ ಬಲ್ಬ್ (ಕರೆಂಟಿನ ದಾರಿಯಲ್ಲೇ ಸೇರಿಸಿದ, ಒಳಗೆ ತಂತಿ ಇರುವ ಹಳೆ ಬಗೆಯ ಬಲ್ಬ್) ಮೂಲಕ ಕೊಡಿ. ಬಲ್ಬ್ ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ ಅಥವಾ ಒಂದು ಕೆಪಾಸಿಟರ್ ತಿರುವುಮುರುವಾಗಿದೆ. ಆಮೇಲೆ ಪ್ಲಸ್ ಮತ್ತು ಮೈನಸ್ ಸಪ್ಲೈ ಅಳೆಯಿರಿ. ಒಂದು ವೋಲ್ಟಿಗಿಂತ ಹೆಚ್ಚು ಅಂತರ ಇರಬಾರದು. ಸ್ಪೀಕರಿಗೆ ಹೋಗುವ ತಂತಿಗಳಲ್ಲಿ ಡಿಸಿ 50 ಮಿಲಿವೋಲ್ಟಿನ ಒಳಗಿದ್ದರೆ ಮಾತ್ರ ಡ್ರೈವರ್ ಜೋಡಿಸಿ. ಅಲ್ಲಿ ಒಂದೆರಡು ವೋಲ್ಟ್ ನಿಂತಿದ್ದರೆ, ಜೋಡಿಸಿದ ಕೆಲವೇ ಕ್ಷಣಗಳಲ್ಲಿ ಟ್ವೀಟರಿನ ಸಣ್ಣ ತಂತಿ ಸುಟ್ಟುಹೋಗಬಹುದು, ಹಳೆ ಮಾದರಿಗೆ ಮೂಲ ಟ್ವೀಟರ್ ಸಿಗುವುದೇ ಕಷ್ಟ. ಒಂದು ಸ್ಪೀಕರಿಗೆ ಮಾಡಿಸಿದರೆ ಇನ್ನೊಂದಕ್ಕೂ ಅದೇ ದಿನ ಮಾಡಿಸಿ. ಎರಡೂ ಒಂದೇ ಬಿಸಿಲಲ್ಲಿ, ಒಂದೇ ಲೈನಿನ ಮೇಲೆ ದುಡಿದಿರುತ್ತವೆ. ಬದಲಿಸಿದ ತಿಂಗಳು, ವರ್ಷವನ್ನು ಹಿಂದಿನ ಪ್ಲೇಟಿನ ಒಳಮೈಗೆ ಮಾರ್ಕರಿನಲ್ಲಿ ಬರೆಸಿಡಿ.